ಬಾಡಿ ಆ್ಯಂಡ್ ಸೋಲ್: ಧಾಟಿ ಬಿಟ್ಟರೂ ಉಳಿದ ಹಾಡು

ಜಾಝ್ ಕೇಳಲು ಶುರು ಮಾಡಿದವರಿಗೆ ಒಂದು ತೊಡಕು ಬೇಗನೆ ಎದುರಾಗುತ್ತದೆ. ಹಾಡಿನ ಹೆಸರು ಗೊತ್ತಿರುತ್ತದೆ, ಧಾಟಿಯೂ ಅಷ್ಟಿಷ್ಟು ಬಾಯಿಗೆ ಬರುತ್ತದೆ. ರೆಕಾರ್ಡ್ ಹಾಕಿದರೆ ಅರ್ಧ ನಿಮಿಷದಲ್ಲಿ ಆ ಧಾಟಿಯೇ ಮಾಯ! ಹಾಗಾದರೆ ಕೇಳುತ್ತಿರುವುದು ಅದೇ ಹಾಡು ಅನ್ನುವುದು ಹೇಗೆ? ಈ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ‘ಬಾಡಿ ಆ್ಯಂಡ್ ಸೋಲ್’ ಹಾಡಿನಿಂದ. ಜೊತೆಯಲ್ಲಿ ಕಲಿಯುತ್ತಿರುವವರಿಗಾಗಿ ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಹುಟ್ಟಿನಲ್ಲಿ ಇದು ಜಾಝ್ ಅಲ್ಲ, ರಂಗಭೂಮಿಗೆ ಸೇರಿದ ಪ್ರೇಮಗೀತೆ. ಬ್ರಿಟಿಷ್ ನಟಿ ಗರ್ಟ್ರೂಡ್ ಲಾರೆನ್ಸ್‌ಗೆ ಪಿಯಾನೊ ಸಾಥ್ ಕೊಡುತ್ತಿದ್ದ ಜಾನಿ ಗ್ರೀನ್ 1930ರಲ್ಲಿ ಇದಕ್ಕೆ ಸಂಗೀತ ಕೊಟ್ಟರು. ಆಗ ಅವರಿಗೆ ಇನ್ನೂ ಇಪ್ಪತ್ತೊಂದು. ಸಾಹಿತ್ಯದ ಜೊತೆಗೆ ಮೂವರ ಹೆಸರಿದೆ: ಎಡ್ವರ್ಡ್ ಹೇಮನ್, ರಾಬರ್ಟ್ ಸೋರ್, ಫ್ರಾಂಕ್ ಐಟನ್. ಹಾಡು ಮೊದಲು ಹಬ್ಬಿದ್ದು ಲಂಡನ್ನಿನಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ರಂಗಭೂಮಿ ಬ್ರಾಡ್‌ವೇಯ ‘ಥ್ರೀಸ್ ಎ ಕ್ರೌಡ್’ ಪ್ರದರ್ಶನದಲ್ಲಿ ಲಿಬಿ ಹೋಲ್ಮನ್ ಹಾಡಿದ ಮೇಲೆ ಅಮೆರಿಕದಲ್ಲೂ ಮನೆಮಾತಾಯಿತು. ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಕೂಡ ಆ ತಿಂಗಳೇ ಅದನ್ನು ರೆಕಾರ್ಡ್ ಮಾಡಿದರು. ಹಾಡು ಜಾಝ್‌ನವರ ಕೈಗೆ ಬಂದದ್ದು ಅಲ್ಲಿಂದ.

ಇನ್ನು ಹಾಡಿನ ಕಟ್ಟಡ. ಇದನ್ನು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ. ಒಟ್ಟು 32 ಬಾರ್ (ತಾಳ ಎಣಿಸುವ ಸಣ್ಣ ಘಟಕ), ಬಾರ್‌ಗೆ ನಾಲ್ಕು ಎಣಿಕೆ. ಎಂಟು ಬಾರ್‌ನ ಒಂದು ಭಾಗ ಎರಡು ಸಲ ಬರುತ್ತದೆ, ನಡುವೆ ಎಂಟು ಬಾರ್‌ನ ಬೇರೆ ಭಾಗ, ಕೊನೆಗೆ ಮತ್ತೆ ಮೊದಲನೆಯದು. ಈ ಒಂದು ಸುತ್ತಿಗೆ ‘ಕೋರಸ್’ ಎನ್ನುತ್ತಾರೆ, ನಡುವಿನ ಭಾಗಕ್ಕೆ ‘ಬ್ರಿಜ್’. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಒಂದು ಕೋರಸ್ ಎಂದರೆ ಆದಿತಾಳದ ಹದಿನಾರು ಆವರ್ತ.

ವಿಶೇಷವಿರುವುದು ಬ್ರಿಜ್‌ನಲ್ಲಿ. ವಾದ್ಯಗಾರರು ಸಾಮಾನ್ಯವಾಗಿ ಈ ಹಾಡನ್ನು ಡಿ ಫ್ಲ್ಯಾಟ್‌ನಲ್ಲಿ ನುಡಿಸುತ್ತಾರೆ. ಹಾರ್ಮೋನಿಯಂನಲ್ಲಿ ಅದು ಕಪ್ಪು ಒಂದು. ಬ್ರಿಜ್ ಬಂದ ಕೂಡಲೇ ಆಧಾರ ಶ್ರುತಿಯೇ ಅರ್ಧ ಸ್ವರ ಮೇಲಕ್ಕೆ ಜಿಗಿದು ಬಿಳಿ ಎರಡರಲ್ಲಿ ನಿಲ್ಲುತ್ತದೆ. ನಾಲ್ಕು ಬಾರ್ ಆದ ಮೇಲೆ ಅಲ್ಲಿಂದ ಇಳಿದು ಬಿಳಿ ಒಂದಕ್ಕೆ. ಆಮೇಲೆ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು) ಒಂದೊಂದೇ ಮನೆ ಕೆಳಗಿಳಿಯುತ್ತ ಮತ್ತೆ ಹಳೆಯ ಶ್ರುತಿಗೆ ದಾರಿ ಮಾಡಿಕೊಡುತ್ತವೆ. ಹಾರ್ಮೋನಿಯಂ ಇದ್ದವರು ಒಮ್ಮೆ ನುಡಿಸಿ ನೋಡಿ: ಕಪ್ಪು ಒಂದನ್ನು ಷಡ್ಜ ಮಾಡಿಕೊಂಡು ಸ-ಗ-ಪ ಒಟ್ಟಿಗೆ ಒತ್ತಿ (ಗಾಂಧಾರ ಅಂತರಗಾಂಧಾರವಿರಲಿ), ನಂತರ ಅದನ್ನೇ ಬಿಳಿ ಎರಡರಿಂದ, ಆಮೇಲೆ ಬಿಳಿ ಒಂದರಿಂದ. ಮೂರೂ ಪಕ್ಕಪಕ್ಕದ ಮನೆಗಳೇ, ಆದರೂ ಪ್ರತಿ ಸಲ ಬೇರೆಯೇ ಕೋಣೆಗೆ ಕಾಲಿಟ್ಟ ಹಾಗೆ ಅನಿಸುತ್ತದೆ. ತಂಬೂರಿಯ ಷಡ್ಜ ಕಚೇರಿ ಮುಗಿಯುವವರೆಗೂ ಕದಲಬಾರದು ಎಂದು ಕಲಿತ ಕಿವಿಗೆ ಇದು ಸಣ್ಣ ಆಘಾತವೇ. ನನಗಂತೂ ಮೊದಲ ಸಲ ಮೈ ಜುಮ್ಮೆಂದಿತು.

ಈಗ ಕೋಲ್ಮನ್ ಹಾಕಿನ್ಸ್. ಟೆನರ್ ಸ್ಯಾಕ್ಸೊಫೋನ್ ಜಾಝ್‌ನಲ್ಲಿ ಗಂಭೀರ ವಾದ್ಯವಾಗಿ ನೆಲೆಯೂರಿದ್ದೇ ಇವರಿಂದ. ಬಾಲ್ಯದಲ್ಲಿ ಪಿಯಾನೊ ಮತ್ತು ಚೆಲೊ ಕಲಿತಿದ್ದರಿಂದ ಕಾರ್ಡ್‌ಗಳ ಒಳಹೊರಗು ಅವರಿಗೆ ಚೆನ್ನಾಗಿ ಗೊತ್ತಿತ್ತು. 1934ರಲ್ಲಿ ಯುರೋಪಿಗೆ ಹೋದವರು ಐದು ವರ್ಷ ಅಲ್ಲೇ ಇದ್ದು, 1939ರ ಬೇಸಿಗೆಯಲ್ಲಿ ನ್ಯೂಯಾರ್ಕಿಗೆ ಮರಳಿದರು. ಅಷ್ಟರಲ್ಲಿ ಊರಲ್ಲಿ ಲೆಸ್ಟರ್ ಯಂಗ್, ಚೂ ಬೆರ್ರಿಯಂಥ ಟೆನರ್ ವಾದಕರು ಹೆಸರು ಮಾಡಿದ್ದರು. ಚೂ ಬೆರ್ರಿಯವರಂತೂ ಹಿಂದಿನ ವರ್ಷವಷ್ಟೇ ಇದೇ ಹಾಡನ್ನು ಟ್ರಂಪೆಟ್ ವಾದಕ ರಾಯ್ ಎಲ್ಡ್ರಿಜ್ ಜೊತೆ ರೆಕಾರ್ಡ್ ಮಾಡಿದ್ದರು.

1939ರ ಅಕ್ಟೋಬರ್ 11ರಂದು ಹಾಕಿನ್ಸ್ ಬ್ಲೂಬರ್ಡ್ ಕಂಪನಿಗಾಗಿ ಅದನ್ನು ನುಡಿಸಿದರು. ರೆಕಾರ್ಡ್ ಸುಮಾರು ಮೂರು ನಿಮಿಷದ್ದು. ಜೀನ್ ರಾಜರ್ಸ್ ಪಿಯಾನೊದಲ್ಲಿ ನಾಲ್ಕು ಬಾರ್ ಪೀಠಿಕೆ ಹಾಕುತ್ತಾರೆ, ಆಮೇಲೆ ಎರಡು ಕೋರಸ್ ಪೂರ್ತಿ ಹಾಕಿನ್ಸ್ ಒಬ್ಬರೇ. ಮೊದಲ ಕೆಲವು ಬಾರ್ ಧಾಟಿಯ ನೆರಳು ಕಾಣುತ್ತದೆ, ಅಷ್ಟೇ. ಅದನ್ನು ಬಿಟ್ಟ ಮೇಲೆ ಮತ್ತೆ ಹಿಂತಿರುಗಿ ನೋಡುವುದೇ ಇಲ್ಲ. ಪ್ರತಿ ಕಾರ್ಡಿನ ಸ್ವರಗಳನ್ನು ಬಿಡಿಸಿ ಪೋಣಿಸುತ್ತ, ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ತಮ್ಮದೇ ಮೆಟ್ಟಿಲು ಸೇರಿಸುತ್ತ ಸಾಗುತ್ತಾರೆ. ಎರಡನೇ ಕೋರಸ್‌ನಲ್ಲಿ ಹಿಂದಿನಿಂದ ಬೇರೆ ಊದುವಾದ್ಯಗಳು ಮೆಲ್ಲಗೆ ಕೂಡಿಕೊಳ್ಳುತ್ತವೆ. ಕೊನೆಯತ್ತ ಬಂದಂತೆ ನಾದ ದಪ್ಪವಾಗುತ್ತದೆ, ಸ್ಥಾಯಿಯೂ ಏರುತ್ತದೆ.

ಹಾಡಿನ ಧಾಟಿಯೇ ಹೆಚ್ಚುಕಡಿಮೆ ಇಲ್ಲದ ಈ ರೆಕಾರ್ಡನ್ನು ಸಾಮಾನ್ಯ ಜನ ಮುಗಿಬಿದ್ದು ಕೊಂಡರು. ಇದರ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದೇ. ಕಾರ್ಡ್‌ಗಳ ನಡಿಗೆಯೇ ಹಾಡಿನ ಅಸ್ಥಿಪಂಜರ. ಅದು ಗಟ್ಟಿಯಾಗಿದ್ದರೆ ಮೇಲೆ ಏನು ಕಟ್ಟಿದರೂ ನಿಲ್ಲುತ್ತದೆ ಎಂಬುದನ್ನು ಜನರ ಕಿವಿಯೇ ಒಪ್ಪಿಕೊಂಡಿತ್ತು. ಕೆಲವೇ ವರ್ಷಗಳಲ್ಲಿ ಬಂದ ಬೀಬಾಪ್ ಎಂಬ ಹೊಸ ಜಾಝ್ ಶೈಲಿಯ ವಾದಕರು ಈ ದಾರಿಯಲ್ಲೇ ಬಹಳ ದೂರ ಹೋದರು.

ಹಾಕಿನ್ಸ್ ನಂತರ ಟೆನರ್ ಹಿಡಿದವರಿಗೆಲ್ಲ ಇದೊಂದು ಪರೀಕ್ಷೆಯಾಯಿತು. ಆ ಸಾಲಿನಲ್ಲಿ ತಪ್ಪದೆ ಕೇಳಬೇಕಾದದ್ದು ಜಾನ್ ಕೋಲ್ಟ್ರೇನ್ 1960ರಲ್ಲಿ ಮಾಡಿದ್ದು. ಮೆಕಾಯ್ ಟೈನರ್ ಪಿಯಾನೊದಲ್ಲಿ ಒಂದೇ ಆಕೃತಿಯನ್ನು ಮತ್ತೆ ಮತ್ತೆ ನುಡಿಸುತ್ತ ಹಾಡನ್ನು ತೂಗುತ್ತಾರೆ. ಬ್ರಿಜ್‌ನಲ್ಲಿ ಕೋಲ್ಟ್ರೇನ್ ತಮ್ಮದೇ ರಚನೆ ‘ಜೈಂಟ್ ಸ್ಟೆಪ್ಸ್’ಗಾಗಿ ರೂಪಿಸಿದ್ದ ಕಾರ್ಡ್ ಸರಣಿಯನ್ನೇ ತಂದು ಕೂರಿಸುತ್ತಾರೆ. ಹಾಕಿನ್ಸ್ ಧಾಟಿಯನ್ನು ಬಿಟ್ಟು ಕಾರ್ಡ್ ಇಟ್ಟುಕೊಂಡರೆ, ಇವರು ಧಾಟಿಯನ್ನು ಹತ್ತಿರವಿಟ್ಟುಕೊಂಡು ಕಾರ್ಡ್‌ಗಳನ್ನೇ ಬದಲಿಸಿದರು. ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಹಾಡಿದವರಲ್ಲಿ ಬಿಲ್ಲಿ ಹಾಲಿಡೇ ಅವರ 1940ರ ರೆಕಾರ್ಡಿನಿಂದ ಆರಂಭಿಸುವುದು ಒಳ್ಳೆಯದು, ಧಾಟಿ ಕಿವಿಯಲ್ಲಿ ಕೂರುತ್ತದೆ. ಎಸ್ಪೆರಾಂಜಾ ಸ್ಪಾಲ್ಡಿಂಗ್ 2008ರಲ್ಲಿ ಇದನ್ನು ಸ್ಪ್ಯಾನಿಷ್‌ನಲ್ಲಿ, ಬಾರ್‌ಗೆ ಐದು ಎಣಿಕೆಯಲ್ಲಿ ಹಾಡಿದರು. ನಮಗೆ ಖಂಡನಡೆ ಹೊಸದಲ್ಲವಾದ್ದರಿಂದ ಅದು ಬೇಗ ಹಿಡಿಸುತ್ತದೆ. 2011ರ ಮಾರ್ಚ್‌ನಲ್ಲಿ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೊದಲ್ಲಿ 84ರ ಟೋನಿ ಬೆನೆಟ್ ಮತ್ತು 27ರ ಏಮಿ ವೈನ್‌ಹೌಸ್ ಒಟ್ಟಿಗೆ ಹಾಡಿದರು. ಜುಲೈನಲ್ಲಿ ಏಮಿ ತೀರಿಕೊಂಡರು. ರೆಕಾರ್ಡ್ ಹೊರಬಂದದ್ದು ಸೆಪ್ಟೆಂಬರ್ 14ಕ್ಕೆ, ಅವರ ಹುಟ್ಟುಹಬ್ಬದ ದಿನ. ಅದನ್ನು ಪಾಠವೆಂದು ಕೇಳಲು ನನ್ನಿಂದ ಈವರೆಗೂ ಆಗಿಲ್ಲ.

ಕೊನೆಗೆ ಅಭ್ಯಾಸದ ಮಾತು. ಎಡ್ಡಿ ಜೆಫರ್ಸನ್ ಎಂಬ ಗಾಯಕರು ಹಾಕಿನ್ಸ್ ಅವರ ಸೋಲೋವನ್ನೇ ಧಾಟಿ ಮಾಡಿಕೊಂಡು ಅದಕ್ಕೆ ಸಾಹಿತ್ಯ ಹೊಂದಿಸಿ ಹಾಡಿದರು. 1979ರಲ್ಲಿ ಮ್ಯಾನ್‌ಹಾಟನ್ ಟ್ರಾನ್ಸ್‌ಫರ್ ತಂಡವೂ ಹಾಡಿತು. ವಾದ್ಯ ಬಾರದವರಿಗೆ ಇದೇ ಸುಲಭದ ದಾರಿ: ಸೋಲೋವನ್ನು ಬಾಯಿಪಾಠ ಮಾಡುವುದು. ನಾನು ಬೆರಳಲ್ಲಿ ಬಾರ್ ಎಣಿಸುತ್ತ ಮೊದಲ ಎಂಟನ್ನು ಹಾಡಿಕೊಳ್ಳುವಷ್ಟಾಗಿದ್ದೇನೆ. ಮುಂದಿನ ಎಂಟು ಮುಗಿದರೆ ಬ್ರಿಜ್.