ಪದ ಪರಿಚಯ: ಡೊಮೆಸ್ಟಿಕ್ ಥ್ರಿಲ್ಲರ್

ಅಪಾಯ ಮನೆಯೊಳಗೇ ಇರುವ ಥ್ರಿಲ್ಲರ್‌ಗೆ ಈ ಹೆಸರು. ಇಲ್ಲಿ ಯಾರೂ ಕಿಟಕಿ ಒಡೆದು ಬರುವುದಿಲ್ಲ. ಯಾರಿಗೆ ಹೆದರಬೇಕೋ ಅವನ ಹತ್ತಿರವೇ ಬೀಗದ ಕೈ ಇರುತ್ತದೆ, ರಾತ್ರಿ ಅವನಿಗೇ ಊಟ ಬಡಿಸಬೇಕು. ಕೆಲವು ಕಥೆಗಳಲ್ಲಿ ಅದು ಅತ್ತೆ, ಕೆಲವದರಲ್ಲಿ ಪಕ್ಕದ ಮನೆಯವರು. ಜಾಸ್ತಿ ಕಥೆಗಳಲ್ಲಿ ಗಂಡ. ಇಂಥ ಕಥೆ ಹಳೆಯದೇ. ಆದರೆ 2012ರಲ್ಲಿ ಅಮೆರಿಕದ ಗಿಲಿಯನ್ ಫ್ಲಿನ್ ಅವರ ‘ಗಾನ್ ಗರ್ಲ್’ ಕಾದಂಬರಿ ಗೆದ್ದ ಮೇಲೆ ಈ ಹಣೆಪಟ್ಟಿ ಕಂಡಕಂಡ ಪುಸ್ತಕಕ್ಕೆಲ್ಲ ಅಂಟಿಕೊಂಡಿತು.

ಪತ್ತೇದಾರಿ ಕಾದಂಬರಿಯಲ್ಲಿ ಕೊಲೆ ಆಗಿಹೋಗಿರುತ್ತದೆ, ಮಾಡಿದವರನ್ನು ಹುಡುಕುತ್ತಾ ನಾವು ಹಿಂದಕ್ಕೆ ಹೋಗುತ್ತೇವೆ. ಇಲ್ಲಿ ಆಗಬಾರದ್ದು ಇನ್ನೂ ಆಗಿಲ್ಲ. ಅದಕ್ಕೂ ಮುಂಚೆ ಅವಳು ಹೊರಗೆ ಬರ್ತಾಳಾ, ಇಲ್ವಾ? ಹೊಡೆಯುವ, ಹಿಡಿತದಲ್ಲಿಟ್ಟುಕೊಳ್ಳುವ ಗಂಡನಿಂದ ತಪ್ಪಿಸಿಕೊಳ್ಳುವ ಕಥೆಗಳಲ್ಲಿ ಪುಟ ತಿರುಗಿಸುವುದು ಇಷ್ಟಕ್ಕೇ.

ಇದನ್ನು ನಮ್ಮ ಕಡೆಗೇ ತಂದು ನೋಡೋಣ. ಮೂಡಿಗೆರೆ ಹತ್ತಿರ ಒಂದು ಕಾಫಿ ತೋಟದ ಮನೆ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಗೇಟಿನಿಂದ ಟಾರು ರಸ್ತೆಗೆ ದೂರ ಇದೆ, ಜೀಪಿನ ಕೀ ಅವನ ಜೇಬಲ್ಲಿ, ನೆಟ್‌ವರ್ಕ್ ಸಿಗುವುದು ಕಣದ ಒಂದು ಮೂಲೆಯಲ್ಲಿ ಮಾತ್ರ. ಹಣ್ಣು ಕುಯ್ಯುವ ಕಾಲದಲ್ಲಿ ಮೇಸ್ತ್ರಿ, ಆಳುಗಳು ಅಂತ ಮನೆ ಸುತ್ತ ಜನ ಇರುತ್ತಾರೆ. ಮಳೆ ಹಿಡಿದರೆ ಯಾರೂ ಇಲ್ಲ. ಬರೆಯುವವರಿಗೆ ಬುದ್ಧಿ ಇದ್ದರೆ ಜೂನ್ ತಿಂಗಳಿನಿಂದಲೇ ಕಥೆ ಶುರು ಮಾಡುತ್ತಾರೆ.

ಒಂದು ದಿನ ಅವಳು ಬೀರು ತೆಗೆಯುತ್ತಾಳೆ. ಸೀರೆ ಕೆಳಗೆ ಇಟ್ಟಿದ್ದ ಆಧಾರ್ ಕಾರ್ಡ್ ಇಲ್ಲ. ಕೇಳಿದರೆ ಅವನು ನಗುತ್ತಾನೆ. “ನೀನೇ ಎಲ್ಲೋ ಇಟ್ಟಿರ್ತೀಯ. ಇತ್ತೀಚೆಗೆ ನಿಂಗೆ ಮರೆವು ಜಾಸ್ತಿ ಆಗಿದೆ ಕಣೇ.” ಇದೇ ಮಾತನ್ನು ಅತ್ತೆ ಎದುರು ಹೇಳುತ್ತಾನೆ. ಫೋನಲ್ಲಿ ಅವಳ ಅಪ್ಪನಿಗೂ ಹೇಳುತ್ತಾನೆ, ಕಾಳಜಿ ಇರುವವನ ಥರ. ವಾರ ಕಳೆಯುವಷ್ಟರಲ್ಲಿ ಅವಳಿಗೇ ತನ್ನ ಮೇಲೆ ಅನುಮಾನ. ಇದಕ್ಕೆ ಗ್ಯಾಸ್‌ಲೈಟಿಂಗ್ ಅನ್ನುತ್ತಾರೆ. 1938ರ ಒಂದು ಇಂಗ್ಲಿಷ್ ನಾಟಕದಲ್ಲಿ ಮನೆಯ ಗ್ಯಾಸ್ ದೀಪ ಮಂಕಾಗುವುದು ಹೆಂಡತಿಗೆ ಕಾಣುತ್ತದೆ, ಅವಳ ತಲೆ ಸರಿಯಿಲ್ಲ ಅಂತ ನಂಬಿಸುವುದೇ ಗಂಡನ ಕೆಲಸ. ಹೆಸರು ಬಂದದ್ದು ಅಲ್ಲಿಂದ. ಹೊಡೆತಕ್ಕಿಂತ ಇದನ್ನು ಚೆನ್ನಾಗಿ ಬರೆದವರೇ ಈ ಪ್ರಕಾರದಲ್ಲಿ ಗೆಲ್ಲುವುದು.

ಆಧಾರ್ ಕಾರ್ಡನ್ನೇ ಯಾಕೆ ತಂದೆ ಅಂದರೆ, ವಿದೇಶಿ ಕಾದಂಬರಿಯ ನಾಯಕಿ ನೋಟು ಬಚ್ಚಿಟ್ಟು ಕಾರು ಹತ್ತುತ್ತಾಳೆ. ನಮ್ಮಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಹೆಂಗಸರಿಗೆ ಸರ್ಕಾರಿ ಬಸ್ಸಿಗೆ ದುಡ್ಡು ಬೇಡ, ಆದರೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕು. ಖಾಸಗಿ ಬಸ್ಸಿಗೆ ಇದು ನಡೆಯುವುದಿಲ್ಲ, ಅಲ್ಲಿನ ಕಂಡಕ್ಟರ್‌ಗೆ ತೋಟದವರೆಲ್ಲ ಗೊತ್ತು. ಅವಳು ಸ್ಟಾಪಿನಲ್ಲಿ ನಿಂತು ಒಂದು ಖಾಸಗಿ ಬಸ್ಸನ್ನು ಸುಮ್ನೆ ಬಿಟ್ಟುಬಿಡುತ್ತಾಳೆ. ಕೆಂಪು ಬಸ್ಸು ಇನ್ನೂ ಬಂದಿಲ್ಲ. ದೂರದಲ್ಲಿ ಜೀಪಿನ ಸದ್ದು. ಇಷ್ಟು ಸಾಕು. ಚಾಕು, ರಕ್ತ ಬೇಕಾಗಿಲ್ಲ.

ಇನ್ನೊಂದು ದಾರಿ ಆಷಾಢ. ಹೊಸದಾಗಿ ಮದುವೆಯಾದವಳು ಆಷಾಢಕ್ಕೆ ತವರಿಗೆ ಹೋಗುವುದು ವಾಡಿಕೆ. ಅವನಾದರೂ ಬೇಡ ಅನ್ನಲಾರ, ಊರು ಏನನ್ನುತ್ತದೋ ಅನ್ನುವ ಭಯ. ಹಾಸನಕ್ಕೆ ಅಪ್ಪನ ಮನೆಗೆ ಬಂದಳು ಅಂದುಕೊಳ್ಳಿ. ಓದುಗರು ನಿಟ್ಟುಸಿರು ಬಿಡುತ್ತಾರೆ. ಆದರೆ ಇಂಥ ಸಂಬಂಧದಲ್ಲಿ ಬಿಟ್ಟು ಬಂದ ಮೇಲಿನ ದಿನಗಳೇ ಹೆಚ್ಚು ಅಪಾಯದವು. ಆಷಾಢದ ಕೊನೆಗೆ ಭೀಮನ ಅಮಾವಾಸ್ಯೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ದಿನ ಅಚ್ಚಾಗಿದೆ. ಅವತ್ತು ಅಳಿಯನನ್ನು ಕರೆಯಲೇಬೇಕು, ಅವಳು ಅವನ ಪಾದಪೂಜೆ ಮಾಡಬೇಕು. ಅಮ್ಮ ಹೋಳಿಗೆಗೆ ಬೇಳೆ ನೆನೆಹಾಕುತ್ತಿದ್ದಾಳೆ. ಅಪ್ಪ “ಸ್ವಲ್ಪ ಹೊಂದ್ಕೊಂಡು ಹೋಗಮ್ಮ” ಅನ್ನುತ್ತಾನೆ. ಅಪ್ಪ ಕೆಟ್ಟವನಲ್ಲ, ಅದಕ್ಕೇ ಕಥೆ ಇನ್ನಷ್ಟು ಬಿಗಿಯಾಗುತ್ತದೆ.

ಹೆಚ್ಚಿನ ಲೇಖಕರು ಇಲ್ಲಿ ಒಂದು ಕೊಲೆ ಮಾಡಿಸಿ ಕೈ ತೊಳೆದುಕೊಳ್ಳುತ್ತಾರೆ. ಇಲ್ಲವೇ ಒಬ್ಬ ಒಳ್ಳೆ ಗಂಡಸನ್ನು ತಂದು ಕಾಪಾಡಿಸುತ್ತಾರೆ. ನನಗೆ ಎರಡೂ ಸಪ್ಪೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಇದಕ್ಕಿಂತ ಒಳ್ಳೆ ತಿರುವು ಇದೆ. ಅದರಲ್ಲಿ ಹೊಡೆತ ಮಾತ್ರ ಲೆಕ್ಕವಲ್ಲ. ಬೈಗುಳ, ಅವಮಾನ, ದುಡ್ಡು ಕೊಡದೆ ಸತಾಯಿಸುವುದೂ ದೌರ್ಜನ್ಯವೇ. ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ, ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ. ಬೇಕಾದರೆ ಮ್ಯಾಜಿಸ್ಟ್ರೇಟರು ಅವನನ್ನೇ ಮನೆಯಿಂದ ಹೊರಗೆ ಕಳಿಸಬಹುದು. 181ಕ್ಕೆ ಫೋನ್ ಮಾಡಬಹುದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಇಲ್ಲಿ ಸಂರಕ್ಷಣಾಧಿಕಾರಿ, ಅವರ ಮೂಲಕವೂ ಅರ್ಜಿ ಹಾಕಬಹುದು. ಅರ್ಜಿ ತಲುಪಿದ 3 ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅನ್ನುತ್ತದೆ ಕಾನೂನು. ಕೋರ್ಟಿನಲ್ಲಿ ದಿನ ಹೇಗೆ ಎಳೆಯುತ್ತದೆ ಅಂತ ನಮಗೆ ಗೊತ್ತಲ್ವಾ? ಆ 60 ದಿನಗಳ ಮೇಲೇ ಅರ್ಧ ಕಾದಂಬರಿ ಬರೆಯಬಹುದು.