ಮುರಕಲ್ಲಿನ ಪಾದೆಯ ಮೇಲೆ ಮಣ್ಣು ಹುಟ್ಟುವ ಬಗೆ

ಮಣಿಪಾಲ, ಕೊಣಾಜೆ ಕಡೆಯ ಮುರಕಲ್ಲಿನ (ಲ್ಯಾಟರೈಟ್ ಎಂಬ ಕೆಂಪು ಕಲ್ಲಿನ) ಪಾದೆಗಳನ್ನು, ಅಂದರೆ ಬಯಲಾಗಿ ಹರಡಿದ ಬಂಡೆಗಳನ್ನು ಕಂಡವರು ಸಾಮಾನ್ಯವಾಗಿ ಹೇಳುವುದು, "ಬರಡು ಜಾಗ, ಅಲ್ಲಿ ಏನೂ ಆಗಲ್ಲ" ಅಂತ. ನಾನಂತೂ ಒಪ್ಪುವುದಿಲ್ಲ. ಮಣ್ಣು ಹುಟ್ಟುವುದನ್ನು ಕಣ್ಣಾರೆ ನೋಡಲು ನಮ್ಮ ಕರಾವಳಿಯಲ್ಲಿ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಏಪ್ರಿಲ್‌ನಲ್ಲಿ ಪಾದೆಯ ಮೇಲೆ ಸುಟ್ಟು ಕರಕಲಾದ ಹಾಗೆ ಕಪ್ಪು ಪದರ ಇರುತ್ತದೆ, ಅಲ್ವಾ? ಅದಕ್ಕೆ ಜೀವ ಇದೆ. ಸಯನೋಬ್ಯಾಕ್ಟೀರಿಯಾ ಎಂಬ, ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಸೂಕ್ಷ್ಮಜೀವಿಗಳು ಬಿಸಿಲು ತಡೆಯಲು ಕಪ್ಪು ಬಣ್ಣ ಮಾಡಿಕೊಂಡು ಒಣಗಿ ಕೂತಿರುತ್ತವೆ, ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ಮತ್ತೆ ಕೆಲಸಕ್ಕೆ ಇಳಿಯುತ್ತವೆ. ಈ ಕಲ್ಲಿನಲ್ಲಿ ಸಾರಜನಕ ಇಲ್ಲವೆಂದೇ ಹೇಳಬೇಕು. ಗಾಳಿಯಲ್ಲಿರುವುದನ್ನು ಹಿಡಿದು ಗಿಡಗಳ ಬಾಯಿಗೆ ಸಿಗುವ ಹಾಗೆ ಮಾಡುವುದು ಇವೇ.

ಜುಲೈಯಲ್ಲಿ ಪಾದೆಯ ಗುಂಡಿಗಳಲ್ಲಿ ಒಂದು ಬೆರಳು ದಪ್ಪ ಕೆಂಪು ಮರಳು, ಮೇಲೆ ನೀರು. ಬಗ್ಗಿ ನೋಡಿದರೆ ಡ್ರಾಸೆರಾ ಗಿಡ ಕಾಣುತ್ತದೆ. ಎಲೆಯ ಮೇಲೆ ಕೆಂಪು ರೋಮ, ಒಂದೊಂದರ ತುದಿಯಲ್ಲೂ ಅಂಟಿನ ಹನಿ, ಅದರಲ್ಲಿ ಸಿಕ್ಕಿಕೊಂಡ ಸಣ್ಣ ಹುಳ. ಮಣ್ಣಲ್ಲಿ ಸಾರಜನಕ ಸಾಲದು, ಅದಕ್ಕೇ ಹುಳ ತಿನ್ನುತ್ತದೆ. ಮಳೆಗಾಲ ಕಳೆದ ಮೇಲೆ ಇವೆಲ್ಲ ಒಣಗಿ ಅಲ್ಲೇ ಕೊಳೆಯುತ್ತವೆ. ಹೀಗೆ ವರ್ಷ ವರ್ಷ ಸೇರಿದ ಕಸದಲ್ಲಿ ಹುಲ್ಲು ಬೇರು ಬಿಡುತ್ತದೆ, ಆ ಬೇರು ಕೊಳೆತು ಕೆಂಪು ಮಣ್ಣು ಕಂದು ಬಣ್ಣಕ್ಕೆ ತಿರುಗುತ್ತದೆ, ನೀರನ್ನೂ ಜಾಸ್ತಿ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಗೆದ್ದಲು ಕಲ್ಲಿನ ಸಂದಿಯಿಂದ ನುಣುಪಾದ ಜೇಡಿಮಣ್ಣನ್ನು ಮೇಲೆ ತರುತ್ತದೆ. ಆಮೇಲೆ ನೆಕ್ಕರೆ, ಕೇಪುಳದಂಥ ಪೊದೆಗಳು. ಅವುಗಳ ನೆರಳಲ್ಲಿ ಮರದ ಸಸಿ.

ಅಲಾಸ್ಕಾದ ಗ್ಲೇಸಿಯರ್ ಬೇಯಲ್ಲಿ ಹಿಮ ಹಿಂದೆ ಸರಿದ ಜಾಗದಲ್ಲಿ ಕಾಡು ಹೇಗೆ ಬರುತ್ತದೆ ಅಂತ ನೋಡಲು ಸಸ್ಯ ಪರಿಸರ ವಿಜ್ಞಾನಿ ವಿಲಿಯಂ ಕೂಪರ್ 1916ರಲ್ಲಿ ಕೆಲವು ತುಂಡು ನೆಲ ಗುರುತು ಮಾಡಿದರು. ಅಲ್ಲಿನದು ಆಗಷ್ಟೇ ಪುಡಿಯಾದ ಹೊಸ ಕಲ್ಲು. ಸುಣ್ಣ, ರಂಜಕ (ಫಾಸ್ಫರಸ್) ಇದೆ, ಸಾರಜನಕ ಮಾತ್ರ ಇಲ್ಲ. ನಮ್ಮದು ಬೇರೆಯೇ ಕಥೆ. ಮುರಕಲ್ಲು ಅಂದರೆ ಲಕ್ಷಾಂತರ ವರ್ಷ ಮಳೆಯಲ್ಲಿ ತೊಳೆದು ಹೋಗಿ ಉಳಿದದ್ದು. ಸಿಲಿಕಾ, ಸುಣ್ಣ, ಪೊಟ್ಯಾಸಿಯಂ ಹರಿದು ಹೋಗಿ ಕಬ್ಬಿಣ, ಅಲ್ಯುಮಿನಿಯಂ ಉಳಿದಿವೆ. ಇರುವ ಚೂರು ರಂಜಕವನ್ನೂ ಕಬ್ಬಿಣ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮಣ್ಣು ಹಳತಾದಷ್ಟೂ ಗಿಡಕ್ಕೆ ಸಿಗುವ ರಂಜಕ ಕಡಿಮೆಯಾಗುತ್ತದೆ ಅಂತ 1976ರಲ್ಲಿ ಮಣ್ಣು ವಿಜ್ಞಾನಿಗಳಾದ ವಾಕರ್ ಮತ್ತು ಸಯರ್ಸ್ ಬರೆದದ್ದು ನಮ್ಮ ಪಾದೆಗೆ ಚೆನ್ನಾಗಿ ಹೊಂದುತ್ತದೆ.

ಹಾಗಾದರೆ ಇಲ್ಲಿ ಕಾಡು ನಿಂತಿರುವುದು ಯಾವುದರ ಬಲದ ಮೇಲೆ? ತರಗೆಲೆಯ ಮೇಲೆ. ಬಿದ್ದ ಎಲೆಯಲ್ಲಿರುವ ರಂಜಕ ನೆಲಕ್ಕೆ ಇಳಿದು ಕಬ್ಬಿಣದ ಕೈಗೆ ಸಿಗುವ ಮೊದಲೇ, ಬೇರಿಗೆ ಅಂಟಿಕೊಂಡಿರುವ ಶಿಲೀಂಧ್ರದ ಎಳೆಗಳು ಅದನ್ನು ಹೀರಿ ಮರಕ್ಕೆ ವಾಪಸ್ ಕೊಡುತ್ತವೆ. ಹಾಗಾಗಿ ಒಂದೇ ಗುಡ್ಡದಿಂದ ಪ್ರತಿ ವರ್ಷ ತರಗೆಲೆ ಗುಡಿಸಿ ದನದ ಹಟ್ಟಿಗೆ ಹಾಸಲು ತಂದರೆ ಅದು ಗೊಬ್ಬರವಾಗಿ ತೋಟಕ್ಕೆ ಒಳ್ಳೆಯದೇ, ಗುಡ್ಡ ಮಾತ್ರ ಬಡವಾಗುತ್ತದೆ. ಜಾಗ ಬದಲಾಯಿಸುತ್ತಾ ತಂದರೆ ವಾಸಿ.

ಕಲ್ಲಿನ ಕೋರೆಗಳಲ್ಲಿ ಮೊದಲು ಜೆಸಿಬಿಯಿಂದ ಕೆರೆದು ಎಸೆಯುವುದು ಈ ಮೇಲ್ಮಣ್ಣನ್ನೇ. ಬರಿಗಲ್ಲಿನ ಮೇಲೆ ಅದು ಮತ್ತೆ ಕೂಡಿಬರಲು ಎಷ್ಟೋ ತಲೆಮಾರು ಬೇಕು. ಬೀಜ, ಗೆಡ್ಡೆ, ಶಿಲೀಂಧ್ರ ಎಲ್ಲ ಇರುವುದು ಅದರಲ್ಲೇ. ಅದನ್ನು ಬೇರೆಯಾಗಿ ರಾಶಿ ಹಾಕಿಟ್ಟು, ಕಲ್ಲು ತೆಗೆದು ಮುಗಿದ ಕೂಡಲೇ ಕೋರೆಯ ತಳಕ್ಕೆ ಹರಡಬೇಕು. ತುಂಬಾ ವರ್ಷ ರಾಶಿಯಲ್ಲೇ ಬಿಟ್ಟರೆ ಅದರೊಳಗಿನ ಬೀಜವೂ ಶಿಲೀಂಧ್ರವೂ ಸಾಯುತ್ತಾ ಹೋಗುತ್ತವೆ.