ಗ್ಯಾಪ್ ಬಂದರೆ ಟೋಪಾಲಜಿ ಹೋಯ್ತಾ?

ಪ್ರಶ್ನೆ: ವೈಲ್ ಸೆಮಿಮೆಟಲ್ ಎಂಬ ಬಗೆಯ ಹರಳಿನ ವಿಶೇಷವೆಲ್ಲ ಬ್ಯಾಂಡ್‌ಗಳು (ಎಲೆಕ್ಟ್ರಾನ್‌ಗಳು ಇರಬಹುದಾದ ಶಕ್ತಿಯ ಪಟ್ಟಿಗಳು) ತಾಗುವ ಬಿಂದುಗಳಲ್ಲಿದೆ ಅಂತಾರೆ. ಚಾರ್ಜ್ ಡೆನ್ಸಿಟಿ ವೇವ್ (ಎಲೆಕ್ಟ್ರಾನ್ ದಟ್ಟಣೆಯ ಅಲೆ) ಬಂದು ಅಲ್ಲಿ ಗ್ಯಾಪ್, ಅಂದರೆ ಪಟ್ಟಿಗಳ ನಡುವೆ ಬಿರುಕು, ಮೂಡಿದರೆ ಟೋಪಾಲಜಿಯೂ (ಸಣ್ಣಪುಟ್ಟ ಬದಲಾವಣೆಗೆ ಅಳಿಯದ ಗುಣ) ಹೋಯ್ತು, ಅಲ್ವಾ?

ಉತ್ತರ: ಬಿಂದುಗಳು ಹೋಗುತ್ತವೆ, ನಿಜ. ಟೋಪಾಲಜಿಯೂ ಹೋಗಲೇಬೇಕು ಅಂತೇನಿಲ್ಲ.

ಆ ತಾಗುವ ಬಿಂದುಗಳೇ ವೈಲ್ ಬಿಂದುಗಳು. ಅವು ಜೋಡಿಯಾಗಿಯೇ ಇರುತ್ತವೆ. ಒಂದು ಎಡಗೈ ಬಗೆಯದು, ಇನ್ನೊಂದು ಬಲಗೈ ಬಗೆಯದು. ಹರಳನ್ನು ಸ್ವಲ್ಪ ಒತ್ತಿದರೆ, ಎಳೆದರೆ ಅವು ಜಾಗ ಬದಲಿಸುತ್ತವೆ, ಅಷ್ಟೆ. ಅಳಿಸಬೇಕಾದರೆ ಎರಡನ್ನೂ ಬೆರೆಸಬೇಕು. ಆದರೆ ಅವುಗಳ ಸಂವೇಗ ಬೇರೆ ಬೇರೆ. ಹರಳಿನಲ್ಲಿ ಪರಮಾಣುಗಳು ಒಂದೇ ಅಂತರದಲ್ಲಿ ಮರುಕಳಿಸುತ್ತಿರುವವರೆಗೂ ಆ ಬೆರಕೆ ಆಗುವುದಿಲ್ಲ. ಚಾರ್ಜ್ ಡೆನ್ಸಿಟಿ ವೇವ್ ಕೆಡಿಸುವುದು ಇದನ್ನೇ. ಎಲೆಕ್ಟ್ರಾನ್‌ಗಳು ಒಂದು ಕಡೆ ಜಾಸ್ತಿ, ಪಕ್ಕದಲ್ಲಿ ಕಡಿಮೆ ಆಗಿ ಹೊಸ ಅಲೆ ಏಳುತ್ತದೆ. ಪರಮಾಣುಗಳೂ ಕೊಂಚ ಸರಿಯುತ್ತವೆ. ಆ ಅಲೆ ಎರಡು ಬಿಂದುಗಳ ಸಂವೇಗದ ಅಂತರವನ್ನು ತುಂಬಿಕೊಟ್ಟರೆ ಗ್ಯಾಪ್ ತೆರೆಯುತ್ತದೆ.

ಎರಡು ಟ್ಯಾಂಟಲಮ್, ಎಂಟು ಸೆಲೆನಿಯಮ್, ಒಂದು ಅಯೋಡಿನ್ ಸೇರಿದ ಹರಳನ್ನೇ ನೋಡಿ. ಸೂಜಿಯ ಹಾಗೆ ಬೆಳೆಯುತ್ತದೆ. ಒಳಗೆ ಟ್ಯಾಂಟಲಮ್ ಸರಪಳಿಗಳು. ಸುಮಾರು 263 ಕೆಲ್ವಿನ್‌ಗಿಂತ ಕೆಳಗೆ ಅಲೆ ಮೂಡುತ್ತದೆ. ಅಂದರೆ −10 ಡಿಗ್ರಿ ಸೆಲ್ಸಿಯಸ್. ಮನೆಯ ಫ್ರೀಜರ್‌ನ ಚಳಿಯೇ ಸಾಕು!

ಅಲ್ಲಿಂದ ಮುಂದಿನದೇ ಸ್ವಾರಸ್ಯ. ಅಲೆಯ ಏರಿಳಿತ ಹರಳಿನೊಳಗೆ ಎಲ್ಲಿ ಕೂತಿದೆ ಅನ್ನುವುದನ್ನು ಫೇಸ್ ಅನ್ನುತ್ತಾರೆ. ವಿದ್ಯುತ್ ಕ್ಷೇತ್ರಕ್ಕೂ ಕಾಂತಕ್ಷೇತ್ರಕ್ಕೂ ನಂಟು ಹಾಕುವ ಒಂದು ಕೋನ ಈ ಫೇಸ್‌ಗೆ ಅಂಟಿಕೊಂಡಿರುತ್ತದೆ. ಟೋಪಾಲಜಿ ಈಗ ಉಳಿದಿರುವುದು ಅದರಲ್ಲಿ. ಅಲೆ ಜಾರಿದರೆ ಕೋನವೂ ಬದಲಾಗುತ್ತದೆ. ಲೆಕ್ಕ ಬರೆದರೆ ಆಕ್ಸಿಯಾನ್ ಎಂಬ ಕಣಕ್ಕೆ ಬರೆಯುವ ಸಮೀಕರಣವೇ ಸಿಗುತ್ತದೆ. ಆ ಕಣವನ್ನು ಇನ್ನೂ ಯಾರೂ ಕಂಡಿಲ್ಲ ಅನ್ನುವುದು ಬೇರೆ ಮಾತು.

ಅಲೆ ಸುಮ್ನೆ ಜಾರುವುದೂ ಇಲ್ಲ. ಹರಳಿನ ಕಲ್ಮಶಗಳು ಅದನ್ನು ಹಿಡಿದಿಟ್ಟಿರುತ್ತವೆ. ಭಾರದ ಬೀರುವಿನಂತೆ, ಒಂದು ಮಟ್ಟ ಮೀರಿ ನೂಕಿದರೆ ಮಾತ್ರ ಕದಲುತ್ತದೆ. 2019ರಲ್ಲಿ ಡ್ರೆಸ್ಡೆನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಗೂಟ್ ಮತ್ತು ಜೊತೆಗಾರರು ಹಾಗೆ ನೂಕಿ ನೋಡಿದರು. ವಿದ್ಯುತ್, ಕಾಂತ ಎರಡೂ ಕ್ಷೇತ್ರಗಳು ಒಂದೇ ದಿಕ್ಕಿನಲ್ಲಿದ್ದಾಗ ಜಾರುವ ಅಲೆ ಹೊತ್ತೊಯ್ಯುವ ಪ್ರವಾಹ ಹೆಚ್ಚಾಯಿತು. ಇದೇ ಆಕ್ಸಿಯಾನ್ ಗುರುತು ಎಂದರು. ಆಮೇಲೆ ಬೇರೊಂದು ತಂಡ ಅಳೆದಾಗ ಆ ಏರಿಕೆ ಕಾಣಲಿಲ್ಲ. ಹಾಗಾಗಿ ಆಕ್ಸಿಯಾನ್ ಸಿಕ್ಕೇಬಿಟ್ಟಿತು ಅಂತ ನಾನಂತೂ ಬರೆಯುವುದಿಲ್ಲ. ಮೇಲೆ ಹೇಳಿದ್ದು ಎರಡೇ ಬಿಂದುಗಳ ಸರಳ ಚಿತ್ರ. ಈ ಹರಳಿನಲ್ಲಿ ಲೆಕ್ಕ ಹಾಕಿದವರಿಗೆ ಸಿಕ್ಕಿದ್ದು 48.